ಅಂಗೈ ಅಗಲದ ಸಂದು

ಹೊಳೆಯ ಈಚೆ ದಡ
೧೧ ಜನವರಿ, ಬೆಳಿಗ್ಗೆ

ಅದಲ್ಲದೆ, ಬಾಲದ ಕಡೆಯ ಸೀಟು ಬೇಕೆಂದು ಕೇಳಿಕೊಂಡವನು ನಾನೇ ಹೊರತು ನಿನ್ನನ್ನು ಮುಂದಕ್ಕೆ ಅಟ್ಟಿದವನು ನಾನಲ್ಲ. ಇದನ್ನು ನಿನ್ನೆಯೇ ಬರೆಯುತ್ತಿದ್ದೆ, ಹಾಳೆ ಮುಗಿಯಿತು. ಮೊಮ್ಮಗುವಿಗೆ ಅಲ್ಲೇ ಅಳತೆ ತೆಗೆದು ಅಲ್ಲೇ ಅಂಗಿ ಹೊಲಿಯುತ್ತೇನೆಂದು ಹೊಲಿಗೆ ಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ವಿಮಾನ ಹತ್ತುವ ಮನುಷ್ಯನ ಪಕ್ಕದಲ್ಲಿ ಮೂರು ಗಂಟೆ ಕೂರುವುದು ನನ್ನಿಂದಾಗದ ಕೆಲಸ. ಹಾಗಾಗಿ ಹಿಂದೆ ಹೋಗಿ ಈ ಕನ್ನಡಕದಂಗಡಿಯವರ ಪಕ್ಕ ಕೂತೆ. ವಿಮಾನ ಬಿದ್ದು ಎರಡು ತುಂಡಾಗಿ ಬಾಲ ಹೊಳೆಯ ಈಚೆಗೂ ಮೂತಿ ಹೊಳೆಯ ಆಚೆಗೂ ಉಳಿಯುತ್ತದೆಂದು ನನಗೆ ಯಾರೂ ಇನ್ ಅಡ್ವಾನ್ಸ್ ತಿಳಿಸಿರಲಿಲ್ಲ.

ನೂಲಿನ ಉಂಡೆಗೆ ಕಲ್ಲು ಕಟ್ಟಿ ಎಸೆದು, ನೂಲಿನ ಹಿಂದೆ ದಾರ, ದಾರದ ಹಿಂದೆ ಸಾಮಾನು ಬಿಗಿಯುವ ಪಟ್ಟಿ ಎಳೆದು, ಬಿಸ್ಕತ್ತಿನ ಡಬ್ಬ ಆಚೀಚೆ ಓಡಾಡುವಂತೆ ಮಾಡಿದ್ದು ಒಳ್ಳೆಯ ಕೆಲಸ. ಒಪ್ಪಿದೆ. ಈ ನೀರಿನ ಸದ್ದಿನಲ್ಲಿ ಎಷ್ಟು ಕೂಗಿದರೂ ಕೇಳುವುದಿಲ್ಲ, ದಾಟುವ ಮಾತಂತೂ ಇಲ್ಲವೇ ಇಲ್ಲ. ಆದರೆ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮೂರು ಕಾಗದಗಳಲ್ಲಿ ಹೇಳಿಕೊಳ್ಳಬೇಕಾಗಿಲ್ಲ. ನಿನ್ನ ಜೊತೆಗಿರುವ ಲೈಬ್ರರಿ ಅಮ್ಮನವರು ತಮ್ಮ ಪುಸ್ತಕದ ಕಾರ್ಡುಗಳನ್ನು ಕೊಡುತ್ತಿರುವುದು ಕಾಗದ ಬರೆಯಲು, ನಿನ್ನ ಆತ್ಮಕಥೆಗಲ್ಲ.

ಈಗ ಕೆಲಸದ ವಿಷಯ. ನಿಮ್ಮ ಕಡೆ ಮೂವರಿದ್ದೀರಿ. ಅದರಲ್ಲಿ ಪೈಲಟ್ಟರ ತೊಡೆ ಮೂಳೆ ಮುರಿದಿದೆ, ಮಲಗಿದ ಜಾಗದಿಂದ ಅಲುಗಾಡುವಂತಿಲ್ಲ. ಆ ಮನುಷ್ಯನಿಗೆ ಚಳಿ ತಾಗಕೂಡದು. ಮೂವತ್ತನಾಲ್ಕು ವರ್ಷ ಬಾಯ್ಲರ್ ಇನ್‌ಸ್ಪೆಕ್ಟರ್ ಆಗಿದ್ದವನು ಹೇಳುತ್ತಿದ್ದೇನೆ, ಪ್ಲೀಸ್ ನೋಟ್. ವಿಮಾನದ ಕತ್ತರಿಸಿಹೋದ ಕಡೆಗೆ ಸೀಟಿನ ಬಟ್ಟೆ, ಸ್ಪಂಜು ಸೇರಿಸಿ ದಪ್ಪ ಪರದೆ ಹೊಲಿದು ಹಾಕು. ಸಾಮಾನಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಒಲೆ ಮಾಡು. ಗಾಳಿ ಕೊಳವೆಯನ್ನು ಕಿತ್ತು ಒಡೆದ ಕಿಟಕಿಯ ಮೂಲಕ ಹೊಗೆಗೆ ದಾರಿ ಬಿಡು. ಪರದೆಯ ಬುಡದಲ್ಲಿ ಅಂಗೈ ಅಗಲದ ಸಂದು ಇರಲಿ. ಏಕೆ ಏನು ಎಂದು ವಾದಿಸಬೇಡ. ಹೇಳಿದಷ್ಟು ಮಾಡು.

ನಾವು ಇಲ್ಲಿ ಬೆಚ್ಚಗಿದ್ದೇವೆ.

ಇತಿ,
ಭಾವ


ಹೊಳೆಯಾಚೆಯಿಂದ
೧೨ ಜನವರಿ

ಭಾವ,

ಎಲ್ಲಾ ನೀವು ಹೇಳಿದ ಹಾಗೇ ಮಾಡಿದೆ. ಪರದೆ ಎರಡು ಪದರ, ಮಧ್ಯೆ ಸ್ಪಂಜು, ಅಂಚಿಗೆ ಸೀಟ್ ಬೆಲ್ಟಿನ ಪಟ್ಟಿ ಕೊಟ್ಟು ಹೊಲಿದಿದ್ದೀನಿ. ನೀವು ಬೇಡ ಬೇಡ ಅಂದ ಮೆಷಿನ್ನಿನಲ್ಲೇ ಹೊಲಿದೆ ಅನ್ನೋದನ್ನ ಮಾತ್ರ ಜ್ಞಾಪಕದಲ್ಲಿ ಇಟ್ಟುಕೊಳ್ಳಿ.

ಆದರೆ ನಿಮ್ಮ ಒಲೆ ಮಾತ್ರ ದೊಡ್ಡ ಪೀಡೆ. ಅರ್ಧ ಹೊಗೆ ಕೊಳವೆಗೆ ಹೋದರೆ ಇನ್ನರ್ಧ ನಮ್ಮ ಕಣ್ಣಿಗೆ. ಪೈಲಟ್ ಕೆಮ್ಮಿದರೆ ಕಾಲು ಅಲುಗಾಡಿ ಅಳ್ತಾರೆ. ಲೈಬ್ರರಿ ಅಮ್ಮ ಕೇಳಿದರು, "ನಿಮ್ಮ ಭಾವನವರು ನಮ್ಮನ್ನ ಬದುಕಿಸ್ತಾ ಇದಾರೋ, ಮೀನಿನ ಹಾಗೆ ಹೊಗೆ ಹಾಕಿ ಒಣಗಿಸ್ತಾ ಇದಾರೋ?" ನಾನು ಏನಂತ ಹೇಳಲಿ. ಮೂವತ್ತು ವರ್ಷದಿಂದ ನನಗೇ ಅದು ಗೊತ್ತಾಗಿಲ್ಲ ಅಂದೆ.

ಬುಡದ ಸಂದಿಯಿಂದ ಗಾಳಿ ಚೂರಿ ಹಾಕಿದ ಹಾಗೆ ಬರುತ್ತೆ. ಅದನ್ನೂ ಮುಚ್ಚಿಬಿಡಲಾ? ನೀವಿಬ್ಬರೂ ನಿಜವಾಗಲೂ ಬೆಚ್ಚಗಿದ್ದೀರಾ?

ನಿಮ್ಮ ಭಾವಮೈದ


೧೨ ಜನವರಿ, ಮಧ್ಯಾಹ್ನ

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಒಲೆಯಲ್ಲಿ ಯಾವ ದೋಷವೂ ಇಲ್ಲ, ದೋಷ ಹಸಿ ಸೌದೆಯದು. ಒಣಗಿದ್ದನ್ನು ತರಲು ನಾಲ್ಕು ಹೆಜ್ಜೆ ಹೆಚ್ಚು ನಡೆಯಬೇಕು, ನೀನು ನಡೆಯುವುದಿಲ್ಲ. ಕೊಳವೆಯ ಹೊರತುದಿ ಮೇಲಕ್ಕೆ ಇರಬೇಕು. ನೀನು ಅದನ್ನು ಕೆಳಕ್ಕೆ ಬಗ್ಗಿಸಿರುತ್ತೀಯ, ಬಂದು ನೋಡಬೇಕಾಗಿಲ್ಲ, ನಿನ್ನ ಕೈ ನನಗೆ ಗೊತ್ತು. ಸಂದು ಮುಚ್ಚಕೂಡದು. ಸೂಚನೆ ಎಂದರೆ ಸೂಚನೆ. ನಿನ್ನ ಅಂಗಡಿಯಲ್ಲಿ ಯಾರಾದರೂ ತೋಳು ಇಷ್ಟುದ್ದ ಇರಲಿ ಎಂದರೆ ನೀನು ಒಂದು ಗೇಣು ಕತ್ತರಿಸಿ ಕೊಡುತ್ತೀಯಾ? ಕೊಡುತ್ತೀಯ. ನನ್ನ ಮದುವೆಯ ಕೋಟು ಹಾಗೆಯೇ ಆಯಿತು.

ಕನ್ನಡಕದಂಗಡಿಯವರು ಇದನ್ನು ಓದಿ, "ಸಾರ್, ಆ ಕಡೆ ಇರೋರು ನಿಮ್ಮ ಹೆಂಡತಿ ತಮ್ಮನೋ, ನಿಮ್ಮ ಹತ್ತಿರ ಕೆಲಸಕ್ಕಿದ್ದೋರೋ?" ಎಂದು ಕೇಳಿದರು. ಅವರ ಕನ್ನಡಕದ ಒಂದು ಗಾಜು ಒಡೆದಿದೆ. ಅರ್ಧ ಕಾಣುವವರಿಗೆ ಅರ್ಧ ಮಾತ್ರ ಅರ್ಥವಾಗುತ್ತದೆ ಎಂದೆ. ಅವರು ಎದ್ದು ನೀರು ತರಲು ಹೋದರು, ನೆಮ್ಮದಿಯಾಯಿತು.

ನಮ್ಮ ಬೆಚ್ಚಗಿನ ವಿಷಯ ನಿನಗೆ ಬೇಡ. ಇದೆ.

ಭಾವ


ಹೊಳೆಯಾಚೆಯಿಂದ
೧೪ ಜನವರಿ

ಭಾವ,

ನಿನ್ನೆ ಬರೆಯೋಕೆ ಆಗಲಿಲ್ಲ, ಕೆಲಸ ಇತ್ತು. ಹೊಗೆಯ ಕಷ್ಟ ಪೂರ್ತಿ ಬಗೆಹರೀತು. ಹೇಗೆ ಅಂತ ಕೇಳಬೇಡಿ, ಕೇಳಿದರೆ ಏನಾದರೂ ಒಂದು ಕೊಂಕು ತೆಗೀತೀರಿ. ಈಗ ಒಳಗೆ ಬಂದರೆ ಸ್ವೆಟರ್ ಬಿಚ್ಚಬೇಕು ಅನ್ನಿಸೋ ಅಷ್ಟು ಬೆಚ್ಚಗೆ. ಲೈಬ್ರರಿ ಅಮ್ಮ ಬಾಯಿ ಬಿಟ್ಟು ಹೊಗಳಿದರು. ಪೈಲಟ್ ಕೆಮ್ಮು ನಿಂತು ಹಾಯಾಗಿ ನಿದ್ದೆ ಮಾಡ್ತಾ ಇದಾರೆ.

ಒಂದೇ ತೊಂದರೆ. ಬೆಳಿಗ್ಗೆ ಎದ್ದರೆ ತಲೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಇರುತ್ತೆ, ನನಗೂ ಅಮ್ಮನಿಗೂ. ಪೈಲಟ್ ಎರಡು ಸಲ ವಾಂತಿ ಮಾಡಿಕೊಂಡರು. ನಾನು ಸೌದೆಗೆ ಅಂತ ಹೊರಗೆ ಹೋಗಿ ಒಂದು ಸುತ್ತು ಬಂದರೆ ತಲೆ ಹಗುರ ಆಗುತ್ತೆ, ಒಳಗೆ ಬಂದು ಕೂತರೆ ಮತ್ತೆ ಶುರು. ಡಬ್ಬದ ಹುರುಳಿಕಾಯಿ ಕೆಟ್ಟಿದೆ ಅಂತ ಅಮ್ಮ. ಹೊಳೆ ನೀರು ಅಂತ ನಾನು. ಇದರ ಮೇಲೆ ನಮ್ಮಿಬ್ಬರಿಗೂ ಮಾತು ಬಿಟ್ಟುಹೋಗೋ ಅಷ್ಟು ಜಗಳ ಆಯಿತು. ಯಾಕೋ ಇಲ್ಲಿ ಎಲ್ಲರಿಗೂ ಸಿಟ್ಟು ಬೇಗ ಬರ್ತಾ ಇದೆ.

ನಿಮ್ಮ ಭಾವಮೈದ


೧೪ ಜನವರಿ, ಸಂಜೆಗೆ ಮೊದಲು

ಅದೇ ಹೊಳೆಯ ನೀರನ್ನು ನಾವೂ ಕುಡಿಯುತ್ತಿದ್ದೇವೆ, ಅದೇ ಪೆಟ್ಟಿಗೆಯ ಹುರುಳಿಕಾಯಿಯನ್ನು ನಾವೂ ತಿನ್ನುತ್ತಿದ್ದೇವೆ. ನೀನು ಡಬ್ಬದಲ್ಲಿ ಹಾಕಿ ಕಳಿಸಿದ್ದು ಅದನ್ನೇ ತಾನೆ. ನಮಗೆ ತಲೆನೋವಿಲ್ಲ, ಹಸಿವು ಮಾತ್ರ. ದೇರ್‌ಫೋರ್ ಕೆಟ್ಟಿರುವುದು ಹುರುಳಿಕಾಯಿಯಲ್ಲ, ನಿನ್ನ ಹೊಟ್ಟೆ. ಹೊತ್ತು ಗೊತ್ತಿಲ್ಲದೆ ತಿನ್ನುತ್ತೀಯ. ನಿನ್ನಕ್ಕ ಇದ್ದಾಗಲೂ ನಮ್ಮ ಮನೆಗೆ ಬಂದರೆ ಮೊದಲು ಅಡುಗೆಮನೆಗೆ ಹೋಗುತ್ತಿದ್ದೆ, ಆಮೇಲೆ ನನ್ನನ್ನು ಮಾತಾಡಿಸುತ್ತಿದ್ದೆ. ಅವಳು ನಿನ್ನ ಪರ ನಿಲ್ಲುತ್ತಿದ್ದಳು. ಈಗ ಯಾರೂ ಇಲ್ಲ, ಆದ್ದರಿಂದ ನೇರವಾಗಿ ಹೇಳುತ್ತಿದ್ದೇನೆ.

ನಿನ್ನೆ ಎರಡು ಹೊತ್ತೂ ಹಗ್ಗದ ಬಳಿ ಕಾದೆವು. ಖಾಲಿ ಡಬ್ಬ ಕೂಡ ಬರಲಿಲ್ಲ. ಸುಮ್ಮನೆ ತಿಳಿಸುತ್ತಿದ್ದೇನೆ, ಆತಂಕವೇನೂ ಇರಲಿಲ್ಲ. ಕನ್ನಡಕದಂಗಡಿಯವರಿಗೆ ಸ್ವಲ್ಪ ಇತ್ತು.

ಭಾವ


ಹೊಳೆಯಾಚೆಯಿಂದ
೧೪ ಜನವರಿ

ಭಾವ,

ಕಾಗದ ತಡ ಆಯಿತು. ಕಾಗದ ತಡ ಆಯಿತು ಅಂತ ಬೈಬೇಡಿ. ಕೈ ಯಾಕೋ ಪೆನ್ಸಿಲ್ ಹಿಡೀತಾ ಇಲ್ಲ, ಬಟ್ಟೆಗೆ ಗುರುತು ಹಾಕೋ ಕೈ ಇದು.

ಒಂದು ವಿಷಯ ಹೇಳ್ತೀನಿ, ನಗಬೇಡಿ. ಇಲ್ಲಿ ಏನೋ ಇದೆ. ನಾವು ಮಲಗಿದಾಗ ಬರುತ್ತೆ ಅಂತ ಕಾಣುತ್ತೆ. ಏಳೋ ಹೊತ್ತಿಗೆ ಕೈಕಾಲಲ್ಲಿ ಶಕ್ತಿ ಇರಲ್ಲ, ಯಾರೋ ಹಿಂಡಿ ಹಾಕಿದ ಹಾಗೆ. ಲೈಬ್ರರಿ ಅಮ್ಮ ಮಧ್ಯಾಹ್ನದ ತನಕ ಏಳಲಿಲ್ಲ, ಎದ್ದವರು ಬಾಗಿಲ ಹತ್ತಿರವೇ ಕುಸಿದರು. "ಕಿವಿಯಲ್ಲಿ ಯಾರೋ ಉಸಿರು ಬಿಟ್ಟ ಹಾಗಾಯ್ತು" ಅಂದರು. ಹೊರಗೆ ಹುಡುಕಿದೆ, ಹೆಜ್ಜೆ ಗುರುತು ಇಲ್ಲ, ಕೂದಲು ಇಲ್ಲ, ಏನೂ ಇಲ್ಲ. ಕಣ್ಣಿಗೆ ಬೀಳದೇ ಇರೋದು ಅಂದರೆ ಎಂಥದು ಇರಬಹುದು ನೀವೇ ಹೇಳಿ. ಪೈಲಟ್ ಒಬ್ಬರು ಮಾತ್ರ ಕೆನ್ನೆ ಕೆಂಪಗೆ ಮಗು ಥರ ಮಲಗಿದಾರೆ. ಅವರೊಬ್ಬರು ಆರೋಗ್ಯವಾಗಿದಾರೆ ಅಂತ ಸಮಾಧಾನ.

ಅದು ಒಳಗೆ ಬರಬಾರದು ಅಂತ ಪರದೆಯನ್ನ ನಾಲ್ಕೂ ಕಡೆ ಹೊಲಿದು ಬಿಗಿ ಮಾಡಿದ್ದೀನಿ, ಬುಡದ ಸಂದೂ ಇಲ್ಲ, ಒಂದು ಮೂಲೆಯಲ್ಲಿ ಗುಂಡಿ ಹಾಕಿ ನುಸುಳೋ ಅಷ್ಟು ದಾರಿ ಬಿಟ್ಟಿದ್ದೀನಿ. ಹೊಗೆ ಹೇಗೆ ನಿಲ್ಲಿಸಿದೆ ಅಂತ ಈಗ ಹೇಳಿಬಿಡ್ತೀನಿ. ಸೌದೆ ಹೊರಗೆ ಉರಿಸೋದು, ಕೆಂಡ ಮಾತ್ರ ಪೆಟ್ಟಿಗೆಯಲ್ಲಿ ತುಂಬಿ ಒಳಗೆ ತರೋದು. ಕೆಂಡಕ್ಕೆ ಹೊಗೆ ಇಲ್ಲ ಅಲ್ಲವಾ, ಆದ್ದರಿಂದ ಕೊಳವೆ ಯಾಕೆ ಅಂತ ತೆಗೆದು ಕಿಟಕಿಗೂ ಬಟ್ಟೆ ಹೊಲಿದು ಮುಚ್ಚಿಬಿಟ್ಟೆ. ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ನಿಮಗೆ ಹೊಳೆದಿತ್ತಾ ಇದು?

ಕಾಗದ ತಡ ಆಯಿತು.

ನಿಮ್ಮ


೧೬ ಜನವರಿ, ಬೆಳಿಗ್ಗೆ

ಇವತ್ತು ತಾರೀಕು ಹದಿನಾರು. ನೀನು ಹದಿನಾಲ್ಕನ್ನೇ ಎರಡನೆಯ ಸಲ ಬರೆದಿದ್ದೀಯ. ಕಾಗದ ತಡವಾಯಿತೆಂದು ಮೂರು ಸಲ ಬರೆದಿದ್ದೀಯ. ಕೊನೆಗೆ ನೀನು ನನಗೆ ಏನಾಗಬೇಕೆಂದೂ ಬರೆದಿಲ್ಲ. ಪೈಲಟ್ಟರ ಚೀಲದಲ್ಲಿ ಏನಾದರೂ ಬಾಟಲಿ ಸಿಕ್ಕಿ ಅದನ್ನು ಮೂವರೂ ಮುಗಿಸಿದ್ದೀರೆಂದು ಕಾಣುತ್ತದೆ. ಕಣ್ಣಿಗೆ ಬೀಳದ ಪ್ರಾಣಿಯಂತೆ, ಕಿವಿಯಲ್ಲಿ ಉಸಿರಂತೆ. ಹೆಜ್ಜೆಯಿಲ್ಲ, ಕೂದಲಿಲ್ಲ, ಇಷ್ಟು ವಯಸ್ಸಾದವನು ಬರೆಯುವ

ನಿಲ್ಲು. ಕೆಂಡದ ಸಾಲನ್ನು ಈಗ ಓದಿದೆ.

ಇನ್‌ಕಂಪ್ಲೀಟ್ ಕಂಬಶ್ಚನ್. ಕಾಲೇಜಿನಲ್ಲಿ ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು, ಕಲರ್‌ಲೆಸ್, ಓಡರ್‌ಲೆಸ್, ಟೇಸ್ಟ್‌ಲೆಸ್, ಇನ್ನೊಂದು ಲೆಸ್ ಇತ್ತು, ಜ್ಞಾಪಕಕ್ಕೆ ಬರುತ್ತಿಲ್ಲ. ಕಾರ್ಬನ್ ಮಾನಾಕ್ಸೈಡ್. ಹೀಮೋಗ್ಲೋಬಿನ್ ಜೊತೆ ಅದರ ಅಫಿನಿಟಿ ಆಕ್ಸಿಜನ್ನಿಗಿಂತ ಇನ್ನೂರು ಪಟ್ಟು. ಚೆರಿ ರೆಡ್ ಡಿಸ್‌ಕಲರೇಶನ್. ಪೈಲಟ್ಟರ ಕೆನ್ನೆ.

ಈ ಕ್ಷಣ ಪರದೆ ಕಿತ್ತು ಹಾಕು. ಕಿಟಕಿ ತೆರೆ. ಕೆಂಡದ ಪೆಟ್ಟಿಗೆ ಹೊರಗೆ ಎಸೆ. ಇದು ಆರ್ಡರ್. ಎದುರು ಮಾತು ಬೇಡ. ನನ್ನ ಸೂಚನೆಯಲ್ಲಿ ಸಂದು ಎಂದು ಬರೆದಿದ್ದೆನೋ ಇಲ್ಲವೋ. ಕೊಳವೆ ಎಂದು ಬರೆದಿದ್ದೆನೋ ಇಲ್ಲವೋ. ಎಲ್ಲದರಲ್ಲೂ ನಿನ್ನ ಬುದ್ಧಿ ತೋರಿಸಬೇಕೆ?

ಭಾವ


ಹೊಳೆಯಾಚೆಯಿಂದ, ಮಧ್ಯಾಹ್ನ

ಭಾವ,

ನಿಮ್ಮ ಕಾಗದ ಎರಡು ಸಲ ಓದಿದೆ. ಅಕ್ಷರ ಎಲ್ಲಾ ತೇಲುತ್ತೆ. ಇಂಗ್ಲಿಷ್ ಅರ್ಧಕ್ಕರ್ಧ ಅರ್ಥ ಆಗಲಿಲ್ಲ, ಬೈಗುಳ ಪೂರ್ತಿ ಅರ್ಥ ಆಯಿತು. ಅಮ್ಮನಿಗೆ ತೋರಿಸಿ ಕೇಳೋಣ ಅಂದರೆ ಭುಜ ಹಿಡಿದು ಅಲುಗಾಡಿಸಿದರೂ ಕಣ್ಣು ಬಿಡ್ತಾ ಇಲ್ಲ, ಅಷ್ಟು ನಿದ್ದೆ.

ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ ಅಂತೀರಿ ಅಂತ ಕಾಣುತ್ತೆ. ಅಂದರೆ ಇಲ್ಲ ಅಂತ. ಇಲ್ಲದೇ ಇರೋದಕ್ಕೆ ಹೆದರಿ ಇರೋ ಬೆಚ್ಚಗೆ ಬಿಡಬೇಕಾ? ಕಾಲು ಮುರಿದೋರನ್ನ ಈ ಗಾಳಿಗೆ ಹಾಕಬೇಕಾ? ಪರದೆ ತೆಗೆದರೆ ಅದು ಒಳಗೆ ಬರುತ್ತೆ. ನಾನು ಒಂದು ಮಾಡಿದರೆ ಅದನ್ನ ಬಿಚ್ಚು ಅನ್ನೋದು ನಿಮಗೆ ಅಭ್ಯಾಸ. ಕೋಟಿನಿಂದ ಹಿಡಿದು ಇವತ್ತಿನ ತನಕ. ಈ ಸಲ ಬಿಚ್ಚೋದಿಲ್ಲ. ಸುಸ್ತಾಗಿದೆ ಭಾವ, ಸ್ವಲ್ಪ ಮಲಗ್ತೀನಿ.


೧೬ ಜನವರಿ, ಮಧ್ಯಾಹ್ನದ ಮೇಲೆ

ಪ್ರೀತಿಯ ಭಾವಮೈದನಿಗೆ,

ಮಲಗುವ ಮೊದಲು ಇದೊಂದನ್ನು ಓದು. ಡಬ್ಬ ಬಂದದ್ದು ಕಾಣಲೆಂದು ಕನ್ನಡಕದಂಗಡಿಯವರು ತಮ್ಮ ಕೆಂಪು ಮಫ್ಲರನ್ನು ಅದಕ್ಕೆ ಕಟ್ಟಿದ್ದಾರೆ, ದಡ ಬಿಟ್ಟು ಹೋಗುತ್ತಿರುವ ನೀನು ತಿರುಗಿ ನೋಡಲೆಂದು, ಕೂಗು ಕೇಳದಿದ್ದರೂ ಇದು ಕೇಳೀತೆಂದು, ತಗಡು ಬಡಿಯುತ್ತಿದ್ದಾರೆ.

ನಾವು ಇಲ್ಲಿ ಬೆಚ್ಚಗಿಲ್ಲ. ಮೊದಲ ದಿನದಿಂದಲೂ ಇಲ್ಲ. ಈ ಬಾಲದ ತುಂಡಿಗೆ ಮೇಲ್ಛಾವಣಿಯೇ ಅರ್ಧ ಇಲ್ಲ, ಹೊದೆಯಲು ನನ್ನ ಒಂದು ಕೋಟು ಬಿಟ್ಟರೆ ಏನೂ ಇಲ್ಲ. ಅದನ್ನು ಇಬ್ಬರೂ ಸರದಿಯ ಮೇಲೆ ಹಾಕಿಕೊಳ್ಳುತ್ತಿದ್ದೇವೆ. ನನ್ನ ಪಕ್ಕೆಲುಬಿಗೆ ಪೆಟ್ಟಾಗಿದೆ, ಉಸಿರೆಳೆದರೆ ನೋಯುತ್ತದೆ, ಇದನ್ನೂ ನಿನಗೆ ಬರೆದಿರಲಿಲ್ಲ. ಇವತ್ತು ಚಳಿ ತಡೆಯಲು ಆಗುತ್ತಿಲ್ಲ.

ನೀನು ಹೊಲಿದ ಆ ಪರದೆಯನ್ನು ಇದೊಂದು ರಾತ್ರಿಗೆ ನನಗೆ ಕೊಡುತ್ತೀಯಾ? ಪೂರ್ತಿ ಬೇಕು, ಹರಿದು ಅರ್ಧ ಕೊಡಬೇಡ. ನಿನ್ನನ್ನು ನಾನು ಏನನ್ನೂ ಕೇಳಿದವನಲ್ಲ. ಕೇಳುತ್ತಿದ್ದೇನೆ.

ಭಾವ


ಹೊಳೆಯಾಚೆಯಿಂದ

ಭಾವ,

ಇದನ್ನ ಮೊದಲೇ ಹೇಳಬಾರದಿತ್ತಾ ನೀವು? ಎಂಟು ದಿನ ನಡುಗಿಕೊಂಡು ಕೂತಿದ್ದೀರಲ್ಲ. ಅಕ್ಕ ಇದ್ದಿದ್ದರೆ ನನ್ನನ್ನೇ ಬೈತಾ ಇದ್ದಳು. ಪರದೆ ಸುತ್ತಿ ಹಗ್ಗಕ್ಕೆ ಕಟ್ಟಿ ಕಳಿಸಿದ್ದೀನಿ. ಹೊಲಿಗೆ ಬಿಚ್ಚೋಕೆ ಹೊತ್ತು ಹಿಡೀತು, ಬಿಗಿಯಾಗಿ ಹೊಲಿದಿದ್ದೆ ನೋಡಿ. ಒಂದು ಅಂಚು ನೀರಿಗೆ ತಾಗಬಹುದು, ಆ ಕಡೆಯನ್ನ ಕಾಲಿಗೆ ಹಾಕಿಕೊಳ್ಳಿ. ಪಕ್ಕೆಗೆ ಸ್ಪಂಜು ಇರೋ ಕಡೆ ಬರಲಿ.

ಪರದೆ ತೆಗೆದು ಸ್ವಲ್ಪ ಹೊತ್ತಿಗೆ ಲೈಬ್ರರಿ ಅಮ್ಮ ಕೆಮ್ಮಿಕೊಂಡು ಎದ್ದರು. "ಯಾರ್ರೀ ಬಾಗಿಲು ತೆಗೆದೋರು, ಬುದ್ಧಿ ಇದೆಯಾ?" ಅಂತ ನನ್ನನ್ನ ಬೈದರು. ನಿಮಗೆ ಕೊಟ್ಟೆ ಅಂದರೆ ಇನ್ನಷ್ಟು ಬೈದರು. ಹದಿನಾರು ತಾರೀಕು ಅಂತ ಅವರೂ ಹೇಳಿದರು. ನಾನು ಇಲ್ಲೇ ದಡದಲ್ಲಿ ಕಾಯ್ತಾ ಇದ್ದೀನಿ, ತಲುಪಿತು ಅಂತ ಒಂದು ಸಾಲು ಬರೀರಿ.

ನಿಮ್ಮ ಭಾವಮೈದ


೧೬ ಜನವರಿ, ಇನ್ನೂ ಬೆಳಕಿದೆ

ತಲುಪಿತು. ನೀನು ಅಲ್ಲೇ ನಿಂತಿರು, ಇದನ್ನು ಓದಿಯೇ ಹೋಗು.

ಲೈಬ್ರರಿ ಅಮ್ಮ ಬೈದ ಸಾಲನ್ನು ಕನ್ನಡಕದಂಗಡಿಯವರಿಗೆ ಗಟ್ಟಿಯಾಗಿ ಓದಿದೆ. ಅವರು ಇನ್ನೊಂದು ಸಲ ಓದಿಸಿದರು. "ಬೈದರಾ? ಸರಿಯಾಗಿ ಬೈದರಾ?" ಎಂದು ಕೇಳಿ ಬಂಡೆಯ ಮೇಲೆ ಕೂತುಬಿಟ್ಟರು.

ಈಗ ಕನ್ನಡದಲ್ಲಿ ಬರೆಯುತ್ತೇನೆ. ನಿಮ್ಮ ಹತ್ತಿರ ಬರುತ್ತಿದ್ದದ್ದು ಹೊರಗಿನಿಂದಲ್ಲ. ಮುಚ್ಚಿದ ಜಾಗದಲ್ಲಿ ಕೆಂಡ ಇಟ್ಟರೆ ಅದರಿಂದ ಒಂದು ಗಾಳಿ ಹುಟ್ಟುತ್ತದೆ. ಅದಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲ. ಅದನ್ನು ಉಸಿರಾಡಿದರೆ ಮೊದಲು ತಲೆನೋವು, ಆಮೇಲೆ ಮರೆವು, ಸಿಟ್ಟು, ಆಮೇಲೆ ನಿದ್ದೆ, ಕೊನೆಗೆ ಏಳದ ನಿದ್ದೆ. ಹೊರಗೆ ಹೋದಾಗ ನಿನ್ನ ತಲೆ ಹಗುರವಾಗುತ್ತಿದ್ದದ್ದು ಅದಕ್ಕೆ. ಹೊರಗೆ ಹೋಗಲಾಗದ ಪೈಲಟ್ ಅದನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡಿದ್ದಾರೆ. ಆ ಕೆಂಪು ಕೆನ್ನೆ ಆರೋಗ್ಯವಲ್ಲ. ನೀನೂ ಅಮ್ಮನೂ ಸೇರಿ ಅವರನ್ನು ಸೀಟಿನ ಸಮೇತ ತೆರೆದ ಕಡೆಗೆ ಎಳೆದು, ತಲೆ ಗಾಳಿಗೆ ಬರುವಂತೆ ಮಲಗಿಸಿ. ಎಚ್ಚರವಾಗುವ ತನಕ ಮಾತಾಡಿಸುತ್ತಿರಿ. ಕಿಟಕಿಯ ಹೊಲಿಗೆಯನ್ನೂ ಬಿಚ್ಚು. ಕೆಂಡದ ಪೆಟ್ಟಿಗೆಯನ್ನು ಹೊಳೆಗೆ ಹಾಕು.

ಬೆಚ್ಚಗಿರಲು ಬೇರೆ ದಾರಿ ಇದೆ. ಹೊರಗೆ ಬೆಂಕಿ ಹಾಕಿ ಅದರಲ್ಲಿ ಕಲ್ಲು ಕಾಯಿಸಿ, ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ಯಿರಿ. ಹೊಳೆಯ ಕಲ್ಲು ಬೇಡ, ಒಳಗೆ ನೀರಿರುತ್ತದೆ, ಸಿಡಿಯುತ್ತದೆ. ಮೇಲಿನ ಇಳಿಜಾರಿನ ಒಣಕಲ್ಲು ತಗೋ. ನೋಡು, ಈ ಸಲ ಏಕೆ ಎಂದೂ ಬರೆದಿದ್ದೇನೆ.

ಅಂಗೈ ಅಗಲದ ಸಂದು ಏಕೆ ಎಂದು ಹನ್ನೊಂದನೆಯ ತಾರೀಕೇ ಒಂದು ಸಾಲು ಬರೆದಿದ್ದರೆ ನೀನು ಅದನ್ನು ಮುಚ್ಚುತ್ತಿರಲಿಲ್ಲ. ನೀನು ಕೇಳಿದ್ದೆ ಕೂಡ. ನಾನು ಕೋಟಿನ ತೋಳಿನ ಬಗ್ಗೆ ಉತ್ತರ ಬರೆದೆ. ಕಾರ್ಖಾನೆಗಳಲ್ಲಿ ನಾನು ಹೇಳಿದ್ದನ್ನು ಜನ ಏಕೆಂದು ಕೇಳದೆ ಮಾಡುತ್ತಿದ್ದರು, ಮಾಡದಿದ್ದರೆ ಬಾಗಿಲು ಮುಚ್ಚಿಸುತ್ತಿದ್ದೆ. ಮನೆಯಲ್ಲೂ ಅದನ್ನೇ ನಡೆಸಿದೆ. ನಿನ್ನಕ್ಕ ಹೇಳುತ್ತಿದ್ದಳು, "ಅವನಿಗೆ ಆರ್ಡರ್ ಮಾಡಬೇಡಿ, ಕೇಳಿ ನೋಡಿ, ಪ್ರಾಣ ಕೊಡ್ತಾನೆ" ಎಂದು. ನಾನು ಕೇಳಿ ನೋಡಿರಲಿಲ್ಲ.

ಪರದೆ ಕೇಳಿದ್ದು ಬರೀ ಉಪಾಯವೆಂದುಕೊಳ್ಳಬೇಡ. ಚಳಿ ನಿಜ, ಪಕ್ಕೆಯೂ ನಿಜ. ಹೊದ್ದುಕೊಂಡಿದ್ದೇನೆ, ಸ್ಪಂಜು ಪಕ್ಕೆಗೆ ಬಂದಿದೆ. ಕನ್ನಡಕದಂಗಡಿಯವರಿಗೂ ಅರ್ಧ ಸಿಗುವಷ್ಟು ಅಗಲವಿದೆ. ಹೊಲಿಗೆಯಲ್ಲಿ ಒಂದು ತಪ್ಪು ಹುಡುಕೋಣವೆಂದು ಅಂಚಿನುದ್ದಕ್ಕೂ ಬೆರಳಾಡಿಸಿದೆ. ಸಿಗಲಿಲ್ಲ.

ಈ ರಾತ್ರಿ ನೀವು ಮೂವರೂ ನಡುಗುತ್ತೀರಿ. ನಡುಗಿ. ನಡುಗುವವನು ಬದುಕಿರುತ್ತಾನೆ. ಬೆಳಿಗ್ಗೆ ನನಗೆ ಬೈದು ಒಂದು ಕಾಗದ ಬರೆ, ಮೂರು ಕಾರ್ಡು ಆದರೂ ಪರವಾಗಿಲ್ಲ, ಲೈಬ್ರರಿ ಅಮ್ಮನಿಗೆ ನಾನು ಹೇಳುತ್ತೇನೆ. ತಾರೀಕು ಸರಿಯಾಗಿ ಹಾಕು, ಹದಿನೇಳು. ಇನ್ನೂ ಹೇಳಬೇಕಾದದ್ದಿತ್ತು, ಆದರೆ ಬರೆದ ಸಾಲೇ ನನಗೆ ಕಾಣುತ್ತಿಲ್ಲ. ಆಚೆ ದಡದಲ್ಲಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿರುವ ನೀನು ಮಾತ್ರ ಇನ್ನೂ ಸ್ವಲ್ಪ ಕಾಣುತ್ತಿದ್ದೀಯ. ಬೆಳಕು ಹೋಗುತ್ತಿದೆ. ಡಬ್ಬ ಎಳೆದುಕೋ.